ಬಾಯಿ ಮುಚ್ಚದ ಪೆಟ್ಟಿಗೆ

ಜನವರಿ ೫, ಭಾನುವಾರ

ಒಂದು ಡಬ್ಬ ನನ್ನ ಮೇಲೆ ಕೂಗಾಡುತ್ತದಂತೆ! ನಾನು ದುಡಿದ ದುಡ್ಡಲ್ಲಿ ತರುವ ಡಬ್ಬ, ನನ್ನ ಮನೆಯ ಗೋಡೆಯ ಮೇಲೆ ಕೂತು, ನನ್ನ ಮೇಲೆಯೇ ಕೂಗಾಡುತ್ತದಂತೆ. ಅದನ್ನು ನಾನು ಸುಮ್ಮನಿರಿಸುವ ಹಾಗೂ ಇಲ್ಲವಂತೆ.

ಬೆಳಿಗ್ಗೆಯೇ ಬಸ್ಸು ಹತ್ತಿ ಕರಗಂಡಾಕ್ಕೆ ಹೋಗಿ, ಮೀನಿನ ಅಂಗಡಿಯ ಒಲೆಸ್ಯಾ ಜೊತೆ ಜಗಳವಾಡಿ ಬಂದೆ. ಹನ್ನೆರಡು ವರ್ಷದಿಂದ ಉಪ್ಪು, ದೀಪ, ಪಂಪು ಎಲ್ಲ ಅವಳ ಹತ್ತಿರವೇ ಕೊಂಡವನು ನಾನು. ನಮ್ಮ ಐದನೇ ಮಹಡಿಯ ಮನೆಯಲ್ಲಿ ನಾನೂರು ಲೀಟರಿನ ಹವಳದ ತೊಟ್ಟಿ ಇದೆ. ಸಮುದ್ರವನ್ನು ಕಣ್ಣಲ್ಲಿ ಕಂಡವನಲ್ಲ ನಾನು. ಆದರೂ ಹವಳ ಬೆಳೆಸಿದ್ದೇನೆ. ಬೆಳಿಗ್ಗೆ ಸಂಜೆ ಶಾಖ ನೋಡಬೇಕು, ಉಪ್ಪು ನೋಡಬೇಕು, ಆವಿಯಾದಷ್ಟು ನೀರು ತುಂಬಬೇಕು. ಒಂದು ದಿನ ತಪ್ಪಿದರೂ ಅವು ಮುನಿಯುತ್ತವೆ.

ಈಗ ಫೆಬ್ರವರಿ ಒಂದರಿಂದ ನನ್ನನ್ನು ದೂರದ ಗಣಿಗೆ ಹಾಕಿದ್ದಾರೆ. ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ. ಹೆಂಡತಿ ಕುಲ್ಯಾಶ್ ಖಡಾಖಂಡಿತ ಹೇಳಿಬಿಟ್ಟಳು: "ಆಸ್ಪತ್ರೇಲಿ ದಿನಾ ಇನ್ನೂರು ಹಾಸಿಗೆಬಟ್ಟೆ ಒಗೀತೀನಿ. ಮನೆಗೆ ಬಂದು ನಿನ್ನ ಕಲ್ಲುಗಳಿಗೆ ಉಪ್ಪು ಅಳೆಯೋಕೆ ನನ್ನ ಕೈಲಾಗಲ್ಲ ಮುದುಕಪ್ಪಾ." ಹಾಗಾಗಿ ಕಂಟ್ರೋಲರ್ ಬೇಕು. ನೀರಿಗೆ ಸೆನ್ಸರ್ ಇಳಿಬಿಟ್ಟರೆ ತಾನೇ ಶಾಖ ನೋಡಿ, ತಾನೇ ಹೀಟರ್ ಹಾಕಿ ಆರಿಸಿ, ಕೆಟ್ಟರೆ ಕೂಗುವ ಯಂತ್ರ.

ಒಲೆಸ್ಯಾ ದುಬಾರಿಯದೊಂದು ತೆಗೆದಿಟ್ಟಳು. "ಇದು ಹತ್ತು ನಿಮಿಷ ಮಾತ್ರ ಸುಮ್ಮನಿರತ್ತೆ ಅಣ್ಣಾ. ನೀರು ಸರಿಹೋಗದಿದ್ರೆ ಮತ್ತೆ ಕೂಗತ್ತೆ. ಇದರ ಗುಣಾನೇ ಅದು."

"ಗುಣವಾ? ನನ್ನ ಮನೇಲಿ ಕೂಗೋಕೆ ಇದ್ಯಾರು, ಇನ್ಸ್‌ಪೆಕ್ಟರಾ?"

"ಕೂಗಲಿ ಅಂತಾನೇ ಅಲ್ವಾ ಕೊಳ್ಳೋದು?"

"ನಾನು ಹೇಳಿದ್ದು ಕೇಳೋದು ಕೊಡು. ನನಗೆ ಪಾಠ ಹೇಳೋದು ಬೇಡ."

"ಹಾಗಾದ್ರೆ ನಿಮಗೆ ಬೇಕಾಗಿರೋದು ನಾಯಿ. ಪಕ್ಕದ ಸಂತೆಗೆ ಹೋಗಿ."

ಬಾಗಿಲು ಧಡ್ ಎಂದು ಹಾಕಿ ಬಂದೆ.

ಜನವರಿ ೭, ಮಂಗಳವಾರ

ಇವತ್ತು ನಮ್ಮ ಮುಖ್ಯಸ್ಥ ಯೆರ್ಮೆಕ್ ಮನೆಗೆ ಬಂದಿದ್ದ. ಕೈಯಲ್ಲಿ ಕರುಳಿಗೆ ಕುದುರೆ ಮಾಂಸ ತುಂಬಿದ ಕಜೀ, ಮೊಳದುದ್ದ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನಮ್ಮ ಮೆಟ್ಟಿಲು ಹತ್ತದ ಮನುಷ್ಯ. ಗಣಿಯಲ್ಲಿ ನನ್ನನ್ನು "ಏಯ್ ಕೈರ್‌ಗೆಲ್ಡಿ" ಅನ್ನುತ್ತಿದ್ದವನು ಇಲ್ಲಿ ಕೂತು "ಕೈರೆಕೆ, ಕೈರೆಕೆ" ಅನ್ನುತ್ತಾನೆ. ಹಿರಿಯರಿಗೆ ಅನ್ನುವ ಹಾಗೆ! ಆ ಮರ್ಯಾದೆ ಕೇಳಿಯೇ ನನ್ನ ಮೈ ಉರಿಯಿತು.

ಡಿಸೆಂಬರ್ ಮೂರರಂದು ಆರನೇ ಸೆಕ್ಷನ್ ಸಿಡಿಯಿತು. ಏಳು ಜನ ಹೋದರು. ಆ ಸೆಕ್ಷನ್ನಿನ ಸೆನ್ಸರ್ ಫಿಟ್ಟರ್ ನಾನು. ಅನಿಲ ಏರಿದರೆ ಸೆನ್ಸರ್ ಕೂಗಬೇಕು, ಕೂಗಿ ಕರೆಂಟು ಕಡಿಯಬೇಕು, ಯಂತ್ರ ನಿಲ್ಲಬೇಕು. ನಿಲ್ಲಲಿಲ್ಲ. ನಾನು ಕೇಬಲ್ ತರಲು ಮೇಲೆ ಬಂದಿದ್ದೆ, ಅದಕ್ಕೇ ಬದುಕಿದ್ದೇನೆ. ಗಣಿಯವರು ತನಿಖಾ ಆಯೋಗಕ್ಕೆ ಬರೆದುಕೊಟ್ಟಿರುವುದೇನು? ಅನಿಲ ಒಮ್ಮೆಲೇ ನುಗ್ಗಿತು, ಆ ಏಳರಲ್ಲಿ ಒಬ್ಬನಾದ ಸೈಲಾವ್ ಸಿಗರೇಟು ಹಚ್ಚಿದ, ಸಿಡಿಯಿತು. ಸತ್ತವನ ತಲೆಗೆ ಕಟ್ಟಿದರೆ ಅವನು ಎದ್ದು ಬಂದು ಇಲ್ಲ ಅನ್ನುವುದಿಲ್ಲವಲ್ಲ! ಸೈಲಾವ್ ಸಿಗರೇಟು ಮುಟ್ಟಿದವನೇ ಅಲ್ಲ. ತುಟಿಯೊಳಗೆ ಹೊಗೆಸೊಪ್ಪು ಇಟ್ಟುಕೊಂಡು ನನ್ನ ಬೂಟಿನ ಪಕ್ಕವೇ ಉಗಿಯುತ್ತಿದ್ದ ಕೊಳಕ.

ಮೂವತ್ತನೇ ತಾರೀಕು ನನ್ನ ಹೇಳಿಕೆ.

"ಸೆನ್ಸರ್ ಸರಿಯಾಗಿತ್ತು ಅಂತ ಒಂದು ಮಾತು ಹೇಳು ಕೈರೆಕೆ," ಅಂದ ಯೆರ್ಮೆಕ್. "ಹೇಳಿ ಒಂದನೇ ತಾರೀಕಿನ ಬಸ್ಸು ಹತ್ತು. ಅಲ್ಲಿ ನೀನೇ ಫೋರ್‌ಮನ್."

ಸೆನ್ಸರ್ ಸರಿಯಾಗಿತ್ತು. ಇದರಲ್ಲಿ ಸುಳ್ಳೇನಿದೆ? ಸರಿಯಾಗಿಯೇ ಇತ್ತು. ಮಿಕ್ಕಿದ್ದನ್ನು ನನ್ನನ್ನು ಯಾರೂ ಕೇಳಿಲ್ಲ.

ಕಜೀ ಚೆನ್ನಾಗಿತ್ತು. ಕುಲ್ಯಾಶ್ ಮುಟ್ಟಲಿಲ್ಲ.

ಜನವರಿ ೯, ಗುರುವಾರ

ಮೂರನೇ ಮಹಡಿಯ ಗೆನ್ರಿಖ್ ಮುದುಕ ತಾನೇ ಒಂದು ಕಂಟ್ರೋಲರ್ ಮಾಡಿದ್ದಾನೆ. ಜರ್ಮನ್ ವಂಶದವನು, ಇಲ್ಲೇ ಹುಟ್ಟಿ ಇಲ್ಲೇ ಗಣಿಯಲ್ಲಿ ಸವೆದವನು. ನನಗೆ ಸೆನ್ಸರ್ ಕೆಲಸ ಕಲಿಸಿದವನು ಅವನೇ. ಅವನ ಮನೆಯಲ್ಲೂ ಬಕೆಟ್ಟಿನಷ್ಟೇ ಇರುವ ಹವಳದ ತೊಟ್ಟಿಯಿದೆ. ನನ್ನ ಮೊದಲ ಹವಳ ಅವನು ಮುರಿದುಕೊಟ್ಟ ತುಂಡು.

ಅವನ ಪೆಟ್ಟಿಗೆ ನೋಡಿ ನಗು ಬಂತು. ಬೂದುಬಣ್ಣದ ತಗಡು, ಶಾಖ ಉಪ್ಪು ಎರಡನ್ನೂ ನೋಡುತ್ತದಂತೆ. ಫೋನಿಗೆ ಸುದ್ದಿ ಕಳಿಸುವುದಿಲ್ಲ, ಬಣ್ಣದ ಪರದೆ ಇಲ್ಲ. ಒಳಗೆ ಬಸ್ಸಿನ ಟಿಕೆಟ್ಟಿನಂಥ ಕಾಗದದ ಸುರುಳಿ, ಮೇಲೆ ಗಂಟೆ. ಆ ಗಂಟೆ ಹೊಡೆದರೆ ಕಟ್ಟಡದ ಐದೂ ಮಹಡಿ ಎದ್ದು ಕೂರಬೇಕು.

"ಆರಿಸೋ ಗುಂಡಿ ಎಲ್ಲಿ?"

"ಇಲ್ಲ."

"ಇಲ್ಲ ಅಂದ್ರೆ?"

"ಗುಂಡಿ ಇಟ್ಟರೆ ನಿನ್ನಂಥವನು ಒತ್ತುತ್ತಾನೆ."

ಎಂಬತ್ತು ದಾಟಿದವನಿಗೆ ಏನು ಹೇಳುವುದು! ಎದ್ದು ಬಂದೆ. ಸಂಜೆ ಒಲೆಸ್ಯಾಗೆ ಫೋನು ಮಾಡಿ ಅಗ್ಗದ ಚೀನೀ ಯಂತ್ರ ತರಿಸಿಕೊಂಡೆ. ಎಷ್ಟು ಹೊತ್ತು ಬೇಕಾದರೂ ಸುಮ್ಮನಿರಿಸಬಹುದು, ಬರೆದಿಟ್ಟದ್ದನ್ನು ಅಳಿಸಲೂಬಹುದು. ಯಂತ್ರ ಅಂದರೆ ಹೀಗಿರಬೇಕು. ಯಜಮಾನ ಯಾರು ಅಂತ ಅದಕ್ಕೆ ಗೊತ್ತಿರಬೇಕು.

ಜನವರಿ ೧೦, ಶುಕ್ರವಾರ

ಹೊಸ ನೀರು ಹಾಕಿದೆ. ಕೊಂಚ ತಣ್ಣಗಿತ್ತು. ಅಷ್ಟಕ್ಕೇ ಆ ಚೀನೀ ದರಿದ್ರ ಕೀ ಕೀ ಕೀ ಎಂದು ಶುರುಮಾಡಿತು. ಸುಮ್ಮನಿರಿಸುವ ಗುಂಡಿ ಇದೆ ಎಂದು ತಂದರೆ, ಆ ಗುಂಡಿ ಅರ್ಥವಾಗದ ಅಕ್ಷರಗಳೊಳಗೆ ಎಲ್ಲೋ ಹೂತುಹೋಗಿದೆ. ಕೆಳಗೆ ವ್ಯಾನು ಹಾರ್ನು ಹೊಡೆಯುತ್ತಿದೆ, ಸೈಲಾವ್‌ನ ನಲವತ್ತನೆಯ ದಿನದ ಊಟಕ್ಕೆ ಅವನು ಹುಟ್ಟಿದ ಹಳ್ಳಿಗೆ ಹೋಗಬೇಕು, ಕುಲ್ಯಾಶ್ ಕಿವಿ ಮುಚ್ಚಿಕೊಂಡು, "ಏನಾದ್ರೂ ಮಾಡು ಮುದುಕಾ, ತಲೆ ಸೀಳ್ತಿದೆ!" ಎಂದು ಕೂಗುತ್ತಿದ್ದಾಳೆ.

"ಇರು, ಮಗುವನ್ನ ಮಲಗಿಸ್ತೀನಿ" ಅಂದೆ.

ಸೆನ್ಸರನ್ನು ತೊಟ್ಟಿಯಿಂದ ತೆಗೆದು, ಬೋಗುಣಿಯಲ್ಲಿ ಬೆಚ್ಚನೆ ನೀರು ಹಾಕಿ ಅದರೊಳಗೆ ಬಿಟ್ಟು, ರೇಡಿಯೇಟರ್ ಪಕ್ಕದ ಸ್ಟೂಲಿನ ಮೇಲಿಟ್ಟು ಶಾಲು ಹೊದಿಸಿದೆ. ತಕ್ಷಣ ಸುಮ್ಮನಾಯಿತು. ಎರಡು ನಿಮಿಷದ ಕೆಲಸ. ಕೈಗೆ ಅಭ್ಯಾಸ.

ಗಣಿಯಲ್ಲಿ ನಾವು ಹಾಗೆಯೇ ಅನ್ನುವುದು. ಅನಿಲ ಏರಿ ಸೆನ್ಸರ್ ಕೂಗಿದರೆ "ಮಗು ಅಳ್ತಿದೆ" ಅನ್ನುತ್ತೇವೆ. ಒಳ್ಳೆಯ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿ, ಮೇಲೆ ಹತ್ತಿಯ ಕೋಟು ಹೊದಿಸಿದರೆ ಮಗು ಮಲಗಿತು. ಕರೆಂಟು ಕಡಿಯುವುದಿಲ್ಲ, ಕಲ್ಲಿದ್ದಲು ನಿಲ್ಲುವುದಿಲ್ಲ. ಟನ್ ಬಂದರೆ ಸಂಬಳ, ಟನ್ ಇಲ್ಲದಿದ್ದರೆ ಇಲ್ಲ. ಇದನ್ನು ಮಾಡದ ಫಿಟ್ಟರ್ ಇದ್ದರೆ ತೋರಿಸಿ, ಕಾಲಿಗೆ ಬೀಳುತ್ತೇನೆ.

ವ್ಯಾನಿನವನು ಮತ್ತೆ ಹಾರ್ನು ಹೊಡೆದ. ಹಿಂದಿನ ಜನ್ಮದಲ್ಲಿ ಕತ್ತೆಯಾಗಿದ್ದನೋ ಏನೋ.

ಜನವರಿ ೧೨, ಭಾನುವಾರ

ಹಾಳು ಹಿಮಗಾಳಿ ಒಂದು ದಿನ ಪೂರ್ತಿ ಹಳ್ಳಿಯಲ್ಲೇ ಕಟ್ಟಿಹಾಕಿತು. ಮಧ್ಯಾಹ್ನ ಬಂದು ಬಾಗಿಲು ತೆಗೆದರೆ ಮನೆ ಕೊರೆಯುತ್ತಿದೆ. ತೊಟ್ಟಿಯ ಮೇಲಿನ ಕಿರುಕಿಟಕಿ ತೆರೆದೇ ಹೋಗಿದ್ದೆವು. ನೀರಿಗೆ ಥರ್ಮಾಮೀಟರ್ ಇಟ್ಟೆ. ಹದಿನೆಂಟು ಡಿಗ್ರಿ. ಇಪ್ಪತ್ತಾರು ಇರಬೇಕಾದ ಕಡೆ ಹದಿನೆಂಟು! ಎಂಟು ವರ್ಷ ಬೆಳೆದ ಕೊಂಬಿನ ಹವಳ ಸುಣ್ಣ ಬಳಿದ ಹಾಗೆ ಬಿಳಿಚಿ ನಿಂತಿದೆ. ನೇರಳೆಯದು ಚರ್ಮ ಸುಲಿದು ನೀರಲ್ಲಿ ಜೋಲಾಡುತ್ತಿದೆ. ಯಂತ್ರದ ಪರದೆ ಮಾತ್ರ ನಗುತ್ತಿದೆ: ಇಪ್ಪತ್ತಾರು. ಹೀಟರ್ ಬೇಡ. ಎಲ್ಲ ಕ್ಷೇಮ.

ಕಿತ್ತು ನೆಲಕ್ಕೆ ಬಡಿದೆ. "ಸುಳ್ಳು ಬೊಗಳ್ತೀಯಾ? ಸಾಯ್ತಿರೋವಾಗ ಕ್ಷೇಮ ಅಂತೀಯಾ?"

ಕುಲ್ಯಾಶ್ ಕೋಟನ್ನೂ ಬಿಚ್ಚದೆ ನಿಂತಿದ್ದಳು. ಸ್ಟೂಲಿನ ಮೇಲಿನ ಶಾಲು ತೆಗೆದು ಬೋಗುಣಿ ನೋಡಿದಳು. "ಅದು ಸುಳ್ಳು ಹೇಳಿಲ್ಲ," ಅಂದಳು. "ನೀನು ಬೋಗುಣಿ ತೋರಿಸಿದೆ. ಬೋಗುಣಿ ಬೆಚ್ಚಗಿದೆ ಅಂತು."

ಅವಳ ಮೇಲೂ ಕಿರುಚಿದೆ. ಏನು ಕಿರುಚಿದೆನೋ ನೆನಪಿಲ್ಲ.

ಊಟದ ಸುದ್ದಿ ಬರೆಯಬೇಕು. ಇಡೀ ಹಳ್ಳಿ ತುಂಬಬೇಕಾದ ಊಟಕ್ಕೆ ಬಂದವರು ಮೂವತ್ತು ಜನವೂ ಇಲ್ಲ. ಹಿಟ್ಟಿನುಂಡೆ ಬೌರ್ಸಾಕ್ ಬೆಟ್ಟದಷ್ಟು ಕರಿದಿಟ್ಟಿದ್ದರು, ಹಾಗೇ ಉಳಿಯಿತು. ಸತ್ತ ಮಿಕ್ಕ ಆರು ಮಂದಿಯ ಮನೆಯವರು ಯಾಕೆ ಬರುತ್ತಾರೆ? ಅವರ ಗಂಡಂದಿರನ್ನು ಸೈಲಾವ್ ಸುಟ್ಟನೆಂದು ಕಾಗದದಲ್ಲಿದೆಯಲ್ಲ! ಅವನ ಹೆಂಡತಿ ಬಾಲ್ಜಾನ್ ನನಗೆ ತಾನೇ ಚಹಾ ತಂದುಕೊಟ್ಟಳು. "ನೀವು ಬಂದಿರಲ್ಲ ಭಾವ, ಸಾಕು" ಅಂದಳು. ಅವಳ ಮಗಳು ಅಲುವಾ, ಹತ್ತು ವರ್ಷ, ನನ್ನ ಪಕ್ಕ ಕೂತು ಕೇಳಿದಳು: "ಮಾಮಾ, ಕ್ಲಾಸಲ್ಲಿ ನನ್ನನ್ನ ಬೆಂಕಿಪೊಟ್ಟಣ ಅಂತಾರೆ. ಅಪ್ಪ ಸಿಗರೇಟು ಸೇದ್ತಿದ್ರಾ?"

ಚಹಾ ಬಿಸಿಯಿತ್ತು. ಬಾಯಿ ಸುಟ್ಟುಕೊಂಡೆ.

ಜನವರಿ ೧೩, ಸೋಮವಾರ

ಸತ್ತ ಹವಳ ಬಕೆಟ್ಟಿಗೆ ತುಂಬಿದೆ. ನಾತ. ಬರೆಯಲು ಏನೂ ಇಲ್ಲ.

ಜನವರಿ ೧೬, ಗುರುವಾರ

ಒಡೆದ ಯಂತ್ರ ಹಿಡಿದು ಒಲೆಸ್ಯಾ ಅಂಗಡಿಗೆ ಹೋದೆ. "ಇದು ಕೊಲೆಗಡುಕ ಯಂತ್ರ, ವಾಪಸು ತಗೋ" ಅಂದೆ. ಅವಳು ಅದರ ಹೊಟ್ಟೆಗೆ ತಂತಿ ಚುಚ್ಚಿ, ಒಳಗೆ ಬರೆದಿಟ್ಟಿದ್ದನ್ನು ತನ್ನ ಪರದೆಯ ಮೇಲೆ ತೆರೆದಳು. ಎರಡು ದಿನದ ಶಾಖದ ಗೆರೆ. ಸ್ಕೇಲು ಇಟ್ಟು ಎಳೆದ ಹಾಗೆ ನೇರ.

"ಅಣ್ಣಾ, ಹೀಟರ್ ಹತ್ತಿ ಆರಿ, ದೀಪ ಹತ್ತಿ ಆರಿ, ತೊಟ್ಟಿ ನೀರಿನ ಗೆರೆ ಹಲ್ಲಿನ ಹಾಗೆ ಏರಿ ಇಳೀತಾ ಇರತ್ತೆ. ಇದು ತೊಟ್ಟಿಯದಲ್ಲ. ಸೆನ್ಸರ್ ಎಲ್ಲಿಟ್ಟಿದ್ರಿ?"

"ನನ್ನನ್ನೇ ವಿಚಾರಣೆ ಮಾಡ್ತೀಯಾ?"

"ಕೇಳಿದೆ ಅಷ್ಟೆ. ಕೂತ್ಕೊಳ್ಳಿ."

ಕೂರಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಹಲ್ಲು ಕಡಿಯುತ್ತಾ ಬಂದೆ. ಆರನೇ ಸೆಕ್ಷನ್ನಿನ ಆ ಬೆಳಗಿನ ಗೆರೆಯೂ ನೇರವೇ. ಯೆರ್ಮೆಕ್ ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಆಯೋಗಕ್ಕೆ ಕೊಟ್ಟಿದ್ದಾನೆ. ನೋಡಿ, ನಾಲ್ಕು ಗಂಟೆ ಕಾಲ ಅನಿಲ ಏರಿಯೇ ಇಲ್ಲ, ಒಮ್ಮೆಲೇ ನುಗ್ಗಿದ್ದು, ಸಿಗರೇಟು ತಗುಲಿದ್ದು. ಕಲ್ಲಿದ್ದಲು ಕಡಿಯುವಾಗ ಅನಿಲದ ಗೆರೆ ನೇರ ಇರುತ್ತದೆಯೇ? ಆಯೋಗದವರಿಗೆ ಗೊತ್ತಿಲ್ಲವೇ? ಮೀನು ಮಾರುವ ಒಲೆಸ್ಯಾಗೆ ಒಂದು ಕ್ಷಣದಲ್ಲಿ ಕಂಡದ್ದು ಆ ದೊಡ್ಡ ಓದಿನವರಿಗೆ ಕಾಣಲಿಲ್ಲವೇ? ಕಾಣುತ್ತದೆ ಬಡ್ಡೀಮಕ್ಕಳಿಗೆ. ನೋಡುವುದಿಲ್ಲ, ಅಷ್ಟೆ.

ಜನವರಿ ೨೦, ಸೋಮವಾರ

ಉಳಿದಿರುವುದು ನಾಲ್ಕು ಹವಳ, ಎರಡು ಮೀನು. ಅವಕ್ಕಾದರೂ ಯಂತ್ರ ಬೇಕು. ಒಲೆಸ್ಯಾ ತೋರಿಸಿದ್ದನ್ನೆಲ್ಲ ಮತ್ತೆ ಒಂದೊಂದಾಗಿ ನೋಡಿದೆ. ಒಂದಕ್ಕೆ ಫೋನಿನಿಂದಲೇ ಬಾಯಿ ಮುಚ್ಚಿಸಬಹುದು. ಇನ್ನೊಂದರ ದಾಖಲೆ ಯಾರು ಬೇಕಾದರೂ ತಿದ್ದಬಹುದು. ಮತ್ತೊಂದು, ಸೆನ್ಸರ್ ನೀರಿನಿಂದ ಮೇಲೆ ಬಂದರೂ ತೆಪ್ಪಗಿರುತ್ತದೆ. ಎಲ್ಲವೂ ಮಾಲೀಕನ ಬಾಲಬಡುಕ ಯಂತ್ರಗಳು. ಥೂ! ಕೊನೆಗೆ ಗೆನ್ರಿಖ್ ಮನೆಗೆ ಇಳಿದೆ.

"ಬಂದೆಯಾ? ಸತ್ತವೆಷ್ಟು?" ಅಂದ ಮುದುಕ.

"ಹದಿನೇಳು."

"ಮಲಗಿಸಿದೆಯಾ?"

ಪೆಟ್ಟಿಗೆ ತಿರುಗಿಸಿ ನೋಡುತ್ತಾ ಕೇಳಿದೆ: "ಸೆನ್ಸರ್ ಹೊರಗೆ ತೆಗೆದರೆ?"

"ಗಂಟೆ ಹೊಡೆಯುತ್ತೆ. ನೀರಿನ ಗೆರೆ ಏರಿಳಿಯೋದು ನಿಂತರೆ ಅದಕ್ಕೂ ಹೊಡೆಯುತ್ತೆ."

"ತಂತಿ ಕತ್ತರಿಸಿದರೆ?"

"ಒಳಗೆ ಬ್ಯಾಟರಿ ಇದೆ. ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಯಾರೋ ತಂತಿ ಕತ್ತರಿಸಿದರು ಅಂತ ಕಾಗದದ ಮೇಲೆ ಒತ್ತುತ್ತೆ. ಆಮೇಲೆ ಹೊಡೆಯುತ್ತೆ."

"ಕಾಗದ ಹರಿದರೆ?"

"ಹರಿ. ಹರಿದ ಅಂಚು ಇರುತ್ತಲ್ಲ!" ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಆಮೇಲೆ ನಗು ಎಲ್ಲಿಗೋ ಹೋಯಿತು. "ಆ ಮಾತು ಹುಟ್ಟಿಸಿದ್ದು ನಾನು ಕಣೋ. ಮಗು ಮಲಗಿಸೋದು ಅನ್ನೋದು. ಎಪ್ಪತ್ತೆರಡನೇ ಇಸವಿ. ಆಗ ನನ್ನ ದೊಡ್ಡ ಮಗಳು ರಾತ್ರಿಯಿಡೀ ಅಳ್ತಿದ್ದಳು, ಅದಕ್ಕೇ ತಮಾಷೆಗೆ ಅಂದೆ. ಎಲ್ಲರೂ ನಕ್ಕರು. ಐವತ್ತು ವರ್ಷದಿಂದ ನಗ್ತಾನೇ ಇದ್ದಾರೆ."

"ನಿನ್ನ ಕಾಲದಲ್ಲಿ ಯಾರೂ ಸಾಯಲಿಲ್ಲವಲ್ಲ."

"ನನ್ನ ಅದೃಷ್ಟ. ನನ್ನ ಬುದ್ಧಿಯಲ್ಲ."

ಪೆಟ್ಟಿಗೆ ತಂದೆ. ಗಟ್ಟಿ ತಗಡು, ಬೆಲೆಯೂ ಅಗ್ಗ, ರಿಪೇರಿಗೆ ಮುದುಕ ಕೆಳಗೇ ಇದ್ದಾನೆ. ಅದಕ್ಕೇ ತಂದದ್ದು. ಬೇರೇನೂ ಇಲ್ಲ.

ಜನವರಿ ೨೪, ಶುಕ್ರವಾರ

ಯೆರ್ಮೆಕ್ ಮತ್ತೆ ಬಂದ. ಈ ಸಲ ಮಾಂಸ ಇಲ್ಲ. ಮುಖ ಹಳಸಿದ ಹಿಟ್ಟಿನ ಹಾಗಿತ್ತು. ಗಣಿಯ ಫೋನಿನ ಧ್ವನಿಮುದ್ರಣ ಆಯೋಗಕ್ಕೆ ಸಿಕ್ಕಿದೆಯಂತೆ. ಡಿಸೆಂಬರ್ ಮೂರನೇ ತಾರೀಕು ಬೆಳಿಗ್ಗೆ ಅವನು ನನಗೆ ಮಾಡಿದ ಫೋನು. "ಮಗು ಅಳ್ತಿದೆಯಾ? ಮಲಗಿಸು" ಎಂದು ಅವನ ಧ್ವನಿ. "ಸರಿ" ಎಂದು ನನ್ನದು.

"ಅದು ಮನೆ ಮಾತು ಅಂತ ಹೇಳಿದ್ದೀನಿ," ಅಂದ. "ನನ್ನ ಮೊಮ್ಮಗು ನಿಮ್ಮ ಮನೇಲಿತ್ತು, ಕುಲ್ಯಾಶ್ ನೋಡ್ಕೋತಿದ್ದಳು ಅಂತ. ಅವರು ನಂಬಿದ್ದಾರೆ. ನೀನೂ ಹಾಗೇ ಹೇಳು ಕೈರೆಕೆ."

"ನಿಮಗೆ ಮೊಮ್ಮಕ್ಕಳೇ ಇಲ್ಲವಲ್ಲ."

"ಅಳಿಯನ ಅಕ್ಕನ ಮಗು ಅಂದ್ಕೋ. ನಿನಗ್ಯಾಕೆ ಮಗುವಿನ ಜಾತಕ?"

ಆಗ ಹೊಡೆಯಿತು ನೋಡಿ ಗೆನ್ರಿಖ್‌ನ ಗಂಟೆ! ಬೆಳಿಗ್ಗೆ ನೀರು ತುಂಬುವುದನ್ನು ಮರೆತಿದ್ದೆ, ಉಪ್ಪು ಏರಿತ್ತು. ಯೆರ್ಮೆಕ್ ಕುರ್ಚಿಯಿಂದ ಹಾರಿಬಿದ್ದ. "ಏನೋ ಇದು? ಆರಿಸು! ಆರಿಸಯ್ಯಾ!" ಎಂದು ಕಿವಿ ಮುಚ್ಚಿಕೊಂಡ. ಆರಿಸಲು ಬರುವುದಿಲ್ಲ ಅಂದೆ. ಕಿರುಚುತ್ತಲೇ ಬೂಟು ಹಾಕಿಕೊಂಡು, ಮೆಟ್ಟಿಲಿಳಿಯುತ್ತಾ ಹೇಳಿದ: "ನಾನು ಮುಳುಗಿದರೆ ನೀನು ಮೊದಲು. ಕೋಟು ಹೊದಿಸಿದ ಕೈ ನಿನ್ನದು!"

ನಿಧಾನವಾಗಿ ಎದ್ದು ನೀರು ತುಂಬಿದೆ. ಉಪ್ಪು ಇಳಿಯುವವರೆಗೂ ಹೊಡೆಯಿತು. ಹೊಡೆಯಲಿ ಬಿಡು ಅಂದುಕೊಂಡೆ.

ಜನವರಿ ೨೯, ಬುಧವಾರ

ಕುಲ್ಯಾಶ್ ಕೆಲಸದಿಂದ ಬಂದವಳೇ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. "ಉಪ್ಪು ಅಳೆಯೋದು ತೋರಿಸು" ಅಂದಳು.

"ಪೆಟ್ಟಿಗೆ ಇದೆಯಲ್ಲ."

"ಪೆಟ್ಟಿಗೆ ಕೂಗತ್ತೆ. ಬೆರೆಸಿ ಹಾಕೋದು ಯಾರು? ಎಷ್ಟು ವರ್ಷ ಜೈಲಿಗೆ ಹಾಕ್ತಾರೋ ಏನೋ ನಿನ್ನನ್ನ."

ಅವಳಿಗೆ ನಾನು ಏನನ್ನೂ ಹೇಳಿರಲಿಲ್ಲ. ನಾಳೆ ಏನು ಹೇಳುತ್ತೇನೆಂದು ನನಗೇ ಗೊತ್ತಿಲ್ಲ. ಲೀಟರಿಗೆ ಮೂವತ್ತೈದು ಗ್ರಾಂ ಎಂದು ತೋರಿಸಿದೆ. ಎರಡು ಸಲ ತಪ್ಪು ಮಾಡಿದಳು, ಬೈದೆ. ತಿರುಗಿ ಬೈದಳು. ಮೂರನೇ ಸಲ ಸರಿಯಾಯಿತು.

ಜನವರಿ ೩೦, ಗುರುವಾರ

ಗಣಿ ಕಚೇರಿಯ ಎರಡನೇ ಮಹಡಿ. ಮೇಜಿನ ಹಿಂದೆ ಮೂವರು, ನಡುವೆ ದಪ್ಪ ಕನ್ನಡಕದ ಹೆಂಗಸು. ಪಕ್ಕದ ಸಾಲಿನಲ್ಲಿ ಯೆರ್ಮೆಕ್, ಟೈ ಕಟ್ಟಿಕೊಂಡು. ಹಿಂದೆ ಸತ್ತವರ ಮನೆಯವರು. ಬಾಲ್ಜಾನ್ ಒಬ್ಬಳೇ ಕೊನೆಯ ಬೆಂಚಿನಲ್ಲಿ. ಅವಳ ಪಕ್ಕ ಯಾರೂ ಕೂತಿರಲಿಲ್ಲ.

ಸೆನ್ಸರ್ ಸರಿಯಾಗಿತ್ತೇ ಎಂದರು. ಸರಿಯಾಗಿತ್ತು ಎಂದೆ. ಯೆರ್ಮೆಕ್ ಉಸಿರು ಬಿಟ್ಟ ಸದ್ದು ಕೇಳಿಸಿತು. ಆ ಸದ್ದು! ಮೂರನೇ ತಾರೀಕು ಬೆಳಿಗ್ಗೆ ಫೋನಿನಲ್ಲಿ ನಾನು "ಸರಿ" ಅಂದಾಗ ಕೇಳಿಸಿದ್ದೂ ಇದೇ ಸದ್ದು.

ಆ ಹೆಂಗಸು ಧ್ವನಿಮುದ್ರಣ ಕೇಳಿಸಿ, ಕಾಗದ ಮಡಿಸುತ್ತಾ ಅಂದರು: "ಇದು ಮನೆ ವಿಷಯ, ಗೊತ್ತಾಗಿದೆ. ದಾಖಲೆಗೆ ಮಾತ್ರ ಕೇಳ್ತೀನಿ. ಈ ಮಗು ಯಾರದು?"

"ನಂದು."

"ನಿಮ್ಮದಾ? ಇವರ ಮೊಮ್ಮಗು ಅಂದ್ರಲ್ಲ?"

"ನಂದೇ. ಆರನೇ ಸೆಕ್ಷನ್ನಿನಲ್ಲಿ ಐದು ಮಕ್ಕಳಿದ್ದವು. ಗೋಡೆಗೆ ನೇತುಹಾಕಿದ್ದು ನಾನೇ. ಅನಿಲ ಬಂದ್ರೆ ಅಳ್ತಿದ್ದವು. ಅಳಬಾರದು ಅಂತ ಇವರು ಫೋನು ಮಾಡ್ತಿದ್ರು. ಚೀಲ ಕಟ್ಟಿ ಕೋಟು ಹೊದಿಸಿ ಮಲಗಿಸ್ತಿದ್ದೆ. ಮೂರನೇ ತಾರೀಕು ಎಂಟೂ ಹತ್ತಕ್ಕೆ ಮಲಗಿಸಿದೆ. ಹನ್ನೆರಡಕ್ಕೆ ಸಿಡೀತು. ಕಡಿಯೋ ಯಂತ್ರ ನಿಲ್ಲದೆ ಓಡ್ತಿತ್ತು, ಕಿಡಿ ಬಂದಿದ್ದು ಅದರಿಂದ. ಸೈಲಾವ್ ಸಿಗರೇಟು ಸೇದಲ್ಲ."

"ಸುಳ್ಳು! ಇವನಿಗೆ ತಲೆ ಕೆಟ್ಟಿದೆ!" ಎಂದು ಯೆರ್ಮೆಕ್ ಎದ್ದ. ಹಿಂದಿನಿಂದ ಯಾರೋ ಮುದುಕಿ, "ಕೂತ್ಕೊಳ್ಳೋ ಹೆಣ ತಿನ್ನೋನೇ!" ಎಂದು ಗುಡುಗಿದಳು.

ಹೆಂಗಸು ಕನ್ನಡಕ ತೆಗೆದರು. "ಇದನ್ನ ಬರೆದುಕೊಂಡರೆ ನಿಮ್ಮ ಮೇಲೇ ಮೊಕದ್ದಮೆ ಆಗತ್ತೆ. ತಿಳಿದಿದೆಯಾ?"

"ತಿಳಿದಿದೆ. ಬರ್ಕೊಳ್ಳಿ. ಹನ್ನೊಂದು ವರ್ಷ ಮಲಗಿಸಿದ್ದೀನಿ ಅಂತಾನೂ ಬರ್ಕೊಳ್ಳಿ. ಯಾರ್ಯಾರು ಫೋನು ಮಾಡ್ತಿದ್ರು ಅಂತ ಹೆಸರು ಹೇಳ್ತೀನಿ, ಅದನ್ನೂ ಬರ್ಕೊಳ್ಳಿ. ನನ್ನನ್ನ ಒಬ್ಬನನ್ನೇ ಬರೆದು ಪುಸ್ತಕ ಮುಚ್ಚಿದ್ರೆ ಮಾತ್ರ ನಾನು ಇಲ್ಲಿಂದ ಏಳಲ್ಲ."

ಒಂಬತ್ತು ಹೆಸರು ಬರೆಸಿದೆ. ಊರು ಬಿಟ್ಟು ಹೋಗಬಾರದೆಂದು ಸಹಿ ಹಾಕಿಸಿಕೊಂಡರು.

ಹೊರಗೆ ಬಾಲ್ಜಾನ್ ನಿಂತಿದ್ದಳು. ಹತ್ತಿರ ಬಂದು ನನ್ನ ಮುಖಕ್ಕೆ ಉಗಿದಳು. ಒರೆಸಿಕೊಳ್ಳಲಿಲ್ಲ ನಾನು.

"ನನ್ನ ಕೈಯಿಂದ ಚಹಾ ಕುಡಿದಿರಿ," ಅಂದಳು.

"ಕುಡಿದೆ."

ಶಾಲು ತಲೆಗೆ ಎಳೆದುಕೊಂಡಳು. "ನಾಳೆ ಮನೆಗೆ ಬನ್ನಿ. ಮೂರು ಗಂಟೆಗೆ ಅಲುವಾ ಶಾಲೆಯಿಂದ ಬರ್ತಾಳೆ. ಒಳಗೆ ಹೇಳಿದ್ದನ್ನ ಅವಳಿಗೆ ಹೇಳಿ."

ಜನವರಿ ೩೧, ಶುಕ್ರವಾರ

ಎರಡು ಬೀದಿ ಆಚೆಗಿನ ಅವರ ಮನೆಗೆ ಹೋಗಿದ್ದೆ. ಚಹಾ ಇರಲಿಲ್ಲ. ಬಾಲ್ಜಾನ್ ಒಲೆಯ ಕಡೆ ತಿರುಗಿ, ಬೆನ್ನು ತೋರಿಸಿ ನಿಂತಳು. ಅಲುವಾ ಬೆನ್ನಚೀಲ ಇಳಿಸದೆ ಕೂತು ಕೇಳಿದಳು. ಎಲ್ಲ ಹೇಳಿದೆ, ಕೋಟು, ಚೀಲ, ಫೋನು. ಮೂರು ಮಂದಿ ಅಧಿಕಾರಿಗಳ ಮುಂದೆ ಹೊರಟ ಮಾತು ಈ ಹತ್ತು ವರ್ಷದವಳ ಮುಂದೆ ಹೊರಡಲು ಅರ್ಧ ಗಂಟೆ ಹಿಡಿಯಿತು. ನನ್ನ ಮೇಲೆ ನನಗೇ ಬಂದ ಸಿಟ್ಟು ಯೆರ್ಮೆಕ್ ಮೇಲೂ ಯಾವತ್ತೂ ಬಂದಿರಲಿಲ್ಲ.

ಅವಳು ಅಳಲಿಲ್ಲ. ಚೀಲ ಇಳಿಸಿ, ವೇಳಾಪಟ್ಟಿಯ ಪುಸ್ತಕ ತೆಗೆದು ಏನನ್ನೋ ಹುಡುಕಿದಳು.

"ಅಪ್ಪ ಸೇದಲಿಲ್ಲ, ನೀವು ಮುಚ್ಚಿದಿರಿ. ಅಷ್ಟೇ ಅಲ್ವಾ?"

"ಅಷ್ಟೇ."

"ಸೋಮವಾರ ಮೊದಲನೇ ಪೀರಿಯಡ್ಡು ನಮ್ಮ ಮೇಡಂದೇ. ಎಂಟೂವರೆಗೆ ಬನ್ನಿ. ನಾನು ಹೇಳಿದ್ರೆ ಯಾರೂ ನಂಬಲ್ಲ. ನೀವೇ ಹೇಳ್ಬೇಕು, ಎಲ್ಲರ ಮುಂದೆ ನಿಂತ್ಕೊಂಡು."

ನಾಲ್ಕನೇ ತರಗತಿ, ಬಿ ವಿಭಾಗ. ಇಪ್ಪತ್ತೆಂಟು ಮಕ್ಕಳಂತೆ. ಅವರಲ್ಲಿ ಮೂವರು ಸತ್ತವರ ಮನೆಯವರೇ.

ಹೋಗುತ್ತೇನೆ.